ಆಂಟಿಆಕ್ಸಿಡೆಂಟ್ ಪುಡಿಯಿಂದ ಇಮ್ಯೂನಿಟಿ ಹೆಚ್ಚುತ್ತಾ? ಗೊತ್ತಿರುವವರು ಹೇಳಿ

ಆಲ್ದೂರಿನ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 68 ವರ್ಷ. ಈ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಚಿಕ್ಕಮಗಳೂರಿನಲ್ಲಿ ಅಡ್ಮಿಟ್ ಮಾಡಿದ್ದೆವು. ಈಗ ಮನೆಗೆ ಬಂದಿದ್ದಾರೆ, ಆದರೆ ಸುಸ್ತು ಇನ್ನೂ ಹೋಗಿಲ್ಲ. ನೆಂಟರೊಬ್ಬರು ಒಂದು ಡಬ್ಬಿ ಪುಡಿ ತಂದುಕೊಟ್ಟು, ದೇಹದೊಳಗಿನ ಆಕ್ಸಿಡೆಂಟ್‌ಗಳೇ ಇಮ್ಯೂನಿಟಿ ಹಾಳು ಮಾಡೋದು, ಇದು ಅದನ್ನೆಲ್ಲ ತೊಳೆದು ಹಾಕುತ್ತೆ, ಆರು ತಿಂಗಳು ಬಿಡದೆ ಕೊಡಿ ಅಂತ ಹೇಳಿ ಹೋಗಿದ್ದಾರೆ. ಬೆಲೆ ಕೇಳಿದರೆ ತಲೆ ತಿರುಗುತ್ತೆ. ಡಾಕ್ಟರು ಬೇಡ ಅಂದರು. ಯಾಕೆ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ಅತ್ತೆಗೆ ಮಾತ್ರ ಪುಡಿಯ ಮೇಲೆ ನಂಬಿಕೆ ಬಂದುಬಿಟ್ಟಿದೆ, ಸುಮ್ನೆ ಬೇಡ ಅಂದರೆ ಕೇಳಲ್ಲ. ಈ ಆಕ್ಸಿಡೆಂಟ್ ಅಂದರೆ ಏನು? ನಿಜಕ್ಕೂ ಇಮ್ಯೂನಿಟಿಗೆ ಕೆಟ್ಟದ್ದಾ?

ಬಾಳೂರು ತೋಟ:
ಪುಡಿ ಗಿಡಿ ಬೇಡ ಅಕ್ಕ. ಹಿತ್ತಲಲ್ಲಿ ನೆಲ್ಲಿಕಾಯಿ ಇದ್ದರೆ ಚಟ್ನಿ ಮಾಡಿ ಕೊಡಿ, ಸಾಕು.

ಹಾಸನ ಲ್ಯಾಬ್:
ಮೇಡಂ, ನಾನು ಹಾಸನದಲ್ಲಿ ಲ್ಯಾಬ್ ಕೆಲಸದಲ್ಲಿದ್ದೇನೆ. ರಕ್ತದ ಸ್ಲೈಡ್ ನೋಡೋದೇ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ ಅತ್ತೆಗೂ ಹೇಳಿ.

ನಿಮ್ಮ ನೆಂಟರು ಹೇಳಿದ್ದರಲ್ಲಿ ದೊಡ್ಡ ತಪ್ಪೊಂದಿದೆ. ಆಕ್ಸಿಡೆಂಟ್‌ಗಳು ಎಲ್ಲಿಂದಲೋ ಬಂದು ದೇಹದಲ್ಲಿ ಸೇರಿಕೊಂಡ ಕೊಳೆ ಅನ್ನೋ ಥರ ಮಾತಾಡಿದ್ದಾರೆ. ದೇಹ ಅವುಗಳಲ್ಲಿ ಎಷ್ಟೋ ಪಾಲನ್ನು ಬೇಕಂತಲೇ ತಯಾರು ಮಾಡುತ್ತದೆ, ಅದಕ್ಕೆಂದೇ ಬೇರೆ ಯಂತ್ರ ಇಟ್ಟುಕೊಂಡಿದೆ.

ನಮ್ಮ ಮೂಳೆ ಮಜ್ಜೆಯಲ್ಲಿ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಹುಟ್ಟುತ್ತವೆ. ಬ್ಯಾಕ್ಟೀರಿಯಾ ಎದುರಾದರೆ ಈ ಕಣ ಅದನ್ನು ಸುತ್ತುವರಿದು ನುಂಗುತ್ತದೆ. ನುಂಗಿದ ತಕ್ಷಣ ಅದು ಆಮ್ಲಜನಕ ಎಳೆದುಕೊಳ್ಳೋದು ಹತ್ತಾರು ಪಟ್ಟು ಜಾಸ್ತಿ ಆಗುತ್ತದೆ. 1933ರಲ್ಲಿ ಬಾಲ್ಡ್‌ರಿಜ್ ಮತ್ತು ಜೆರಾರ್ಡ್ ಇದನ್ನು ಮೊದಲು ಗಮನಿಸಿದಾಗ, ನುಂಗೋಕೆ ಶಕ್ತಿ ಬೇಕಲ್ಲ, ಅದಕ್ಕೇ ಇರಬೇಕು ಅಂತಲೇ ಜನ ಅಂದುಕೊಂಡಿದ್ದರು. ಆ ಆಮ್ಲಜನಕ ಆಯುಧ ಮಾಡೋಕೆ ಹೋಗುತ್ತದೆ ಅಂತ ಗಟ್ಟಿಯಾಗಿ ಗೊತ್ತಾಗೋಕೆ 40 ವರ್ಷ ಹಿಡಿಯಿತು. 1973ರಲ್ಲಿ ಬಾಬಿಯರ್ ಮತ್ತು ಅವರ ಜೊತೆಯವರು ಈ ಕಣಗಳು ಸೂಪರ್‌ಆಕ್ಸೈಡ್ ಅನ್ನೋ ವಸ್ತುವನ್ನು ಮಾಡುತ್ತವೆ ಅಂತ ತೋರಿಸಿದರು. ಆಮ್ಲಜನಕಕ್ಕೆ ಒಂದು ಎಲೆಕ್ಟ್ರಾನ್ ಜಾಸ್ತಿ ಸೇರಿಸಿದರೆ ಸೂಪರ್‌ಆಕ್ಸೈಡ್. ಅದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅದಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್ ಸೇರಿದರೆ ಹೈಪೋಕ್ಲೋರಸ್ ಆಮ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಕ್ರಿಮಿ ಕೊಲ್ಲೋದು ಇದೇ ಆಮ್ಲ. ನಮ್ಮ ಬಿಳಿ ರಕ್ತಕಣ ಅದನ್ನು ತನ್ನ ಹೊಟ್ಟೆಯೊಳಗೆ, ನುಂಗಿದ ಕ್ರಿಮಿಯ ಪಕ್ಕದಲ್ಲೇ ಮಾಡುತ್ತದೆ! ನೀವು ಕೇಳಿದ ಆಕ್ಸಿಡೆಂಟ್ ಅಂದರೆ ಇಂಥವೇ, ಬೇರೆ ವಸ್ತುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನು ಕೆಡಿಸುವ ವಸ್ತುಗಳು.

ಕೀವು, ಕಫ ಹಸಿರು ಬಣ್ಣಕ್ಕೆ ತಿರುಗೋದನ್ನು ನೋಡಿರುತ್ತೀರಿ. ಆ ಹೈಪೋಕ್ಲೋರಸ್ ಆಮ್ಲ ಮಾಡುವ ಕಿಣ್ವದ ಹೆಸರು ಮೈಲೋಪೆರಾಕ್ಸಿಡೇಸ್, ಅದರ ಬಣ್ಣವೇ ಹಸಿರು. ಅಂದರೆ ಆ ಹಸಿರು ಕ್ರಿಮಿಯದ್ದು ಅನ್ನೋದಕ್ಕಿಂತ ಹೆಚ್ಚಾಗಿ ನಮ್ಮ ಸತ್ತ ಬಿಳಿ ರಕ್ತಕಣಗಳದ್ದು.

ಬೇಲೂರು ಮೇಷ್ಟ್ರು:
ಸಾರ್, ಚೆನ್ನಾಗಿ ಬರೆದಿದ್ದೀರಿ. ಒಂದು ಅನುಮಾನ. ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಫ್ರೀ ರ್ಯಾಡಿಕಲ್‌ನಿಂದ, ಅಂದರೆ ನೀವು ಹೇಳಿದ ಸೂಪರ್‌ಆಕ್ಸೈಡ್‌ನಂಥ ವಸ್ತುಗಳಿಂದ, ಮುಪ್ಪು ಬರುತ್ತೆ, ಡಿಎನ್‌ಎ ಹಾಳಾಗುತ್ತೆ, ಕ್ಯಾನ್ಸರ್ ಬರಬಹುದು ಅಂತ ಎಲ್ಲಾ ಕಡೆ ಓದುತ್ತೇವೆ. ಹಾಗಾದರೆ ಅದೆಲ್ಲ ಸುಳ್ಳಾ?

ಹಾಸನ ಲ್ಯಾಬ್:
ಸುಳ್ಳಲ್ಲ ಮೇಷ್ಟ್ರೇ. ಮುಪ್ಪಿಗೂ ಫ್ರೀ ರ್ಯಾಡಿಕಲ್‌ಗೂ ಸಂಬಂಧ ಇದೆ ಅಂತ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲೇ ಹೇಳಿದ್ದರು. ಈ ವಸ್ತುಗಳಿಗೆ ಕ್ರಿಮಿ ಯಾವುದು, ನಮ್ಮದು ಯಾವುದು ಅಂತ ಗೊತ್ತಾಗಲ್ಲ. ಸಿಕ್ಕಿದ್ದನ್ನು ಸುಡುತ್ತವೆ. ಕೀಲು ನೋವಿನಲ್ಲಿ, ಸೋಂಕಿನಿಂದ ಅಂಗಾಂಗಗಳೇ ಕೆಡುವ ಸೆಪ್ಸಿಸ್‌ನಲ್ಲಿ, ಗಂಟಲು ಶ್ವಾಸಕೋಶದ ಹಳೇ ಊತದಲ್ಲಿ ನಮ್ಮದೇ ಅಂಗಾಂಶ ಹಾಳಾಗೋದರಲ್ಲಿ ಇವುಗಳ ಕೈವಾಡ ಇದ್ದೇ ಇದೆ.

ನಮ್ಮ ಕಡೆ ಗದ್ದೆಗೆ ಆನೆ ಬಂದರೆ ಪಟಾಕಿ ಹೊಡೆಯುತ್ತೀವಿ ಅಲ್ವಾ? ಅದೇ ಪಟಾಕಿ ಒಕ್ಕಣೆ ಕಣದಲ್ಲಿ ಹುಲ್ಲಿನ ಮೆದೆ ಪಕ್ಕ ಸಿಡಿದರೆ ಮೆದೆಯೇ ಹೋಯ್ತು. ಹಾಗಂತ ಊರಿನ ಪಟಾಕಿಯನ್ನೆಲ್ಲ ನೀರಿಗೆ ಹಾಕಿ ನೆನೆಸಿಬಿಡಿ ಅಂದರೆ ಯಾರು ಒಪ್ಪುತ್ತಾರೆ? ಪುಡಿ ಮಾರುವವರು ಹೇಳೋದು ಅದನ್ನೇ.

ದೇಹ ಇದರಲ್ಲಿ ಎಷ್ಟು ಹುಷಾರು ಅಂದರೆ, ಸೂಪರ್‌ಆಕ್ಸೈಡ್ ಮಾಡುವ ಯಂತ್ರವನ್ನು ಜೋಡಿಸಿಯೇ ಇಡೋದಿಲ್ಲ. ಅದರ ಹೆಸರು ಎನ್‌ಎಡಿಪಿಎಚ್ ಆಕ್ಸಿಡೇಸ್. ಎರಡು ಭಾಗ ಪೊರೆಯಲ್ಲಿ, ಉಳಿದವು ಕಣದ ಒಳಗಿನ ದ್ರವದಲ್ಲಿ ಬೇರೆ ಬೇರೆ ಇರುತ್ತವೆ. ಕ್ರಿಮಿ ಸಿಕ್ಕಿತು ಅನ್ನೋ ಸುಳಿವು ಬಂದಮೇಲೆ ಎಲ್ಲ ಓಡಿ ಬಂದು ಜೋಡಿಸಿಕೊಂಡು ಕೆಲಸ ಶುರು ಮಾಡುತ್ತವೆ. ಇನ್ನೊಂದು ಕಡೆ, ಮಿಕ್ಕಿದ್ದನ್ನು ಆರಿಸೋಕೆ ನಮ್ಮದೇ ಕಿಣ್ವಗಳಿವೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಅನ್ನೋದನ್ನು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಕಂಡುಹಿಡಿದರು. ಕ್ಯಾಟಲೇಸ್, ಗ್ಲುಟಾಥಯೋನ್ ಎಲ್ಲ ಅದೇ ಕೆಲಸದವು. ಹೊರಗಿಂದ ತಿನ್ನೋ ಪುಡಿಗಿಂತ ಇವುಗಳ ಬಲ ಎಷ್ಟೋ ಜಾಸ್ತಿ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ಇವು ಕೊಲ್ಲೋಕೆ ಮಾತ್ರ ಇರೋದಲ್ಲ, ಸುದ್ದಿ ಮುಟ್ಟಿಸೋಕೂ ಇವೆ. 2009ರಲ್ಲಿ ಜೀಬ್ರಾಫಿಶ್ ಅನ್ನೋ ಪುಟ್ಟ ಮೀನಿನ ಮರಿಯ ಬಾಲದ ತುದಿ ಕತ್ತರಿಸಿ ನೋಡಿದರು. ಅದರ ಮೈ ಗಾಜಿನ ಥರ, ಒಳಗೆ ನಡೆಯೋದೆಲ್ಲ ಕಾಣುತ್ತೆ. ಗಾಯದ ಅಂಚಿನ ಚರ್ಮದ ಕಣಗಳು ನಿಮಿಷಗಳಲ್ಲೇ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟವು, ಅದು ಸುತ್ತ ಹರಡಿತು, ಆಮೇಲೆ ಬಿಳಿ ರಕ್ತಕಣಗಳು ಆ ಕಡೆ ಹೊರಟವು. ಆ ಪೆರಾಕ್ಸೈಡ್ ತಡೆದರೆ ಕಣಗಳು ಸರಿಯಾಗಿ ಬರಲೇ ಇಲ್ಲ. ಟಿ ಕಣ ಅನ್ನೋ ಇನ್ನೊಂದು ಥರದ ಬಿಳಿ ರಕ್ತಕಣಗಳು ಎಚ್ಚೆತ್ತುಕೊಳ್ಳೋಕೂ ಒಳಗೊಳಗೇ ಸ್ವಲ್ಪ ಪೆರಾಕ್ಸೈಡ್ ಬೇಕು.

ಇದಕ್ಕಿಂತ ಆಶ್ಚರ್ಯದ್ದು 2003ರ ಒಂದು ಕೆಲಸ. ಸ್ವೀಡನ್ನಿನ ಲುಂಡ್‌ನಲ್ಲಿ ಹೋಲ್ಮ್‌ಡಾಲ್ ಅವರ ತಂಡ ಇಲಿಗಳಲ್ಲಿ ಸಂಧಿವಾತ ಜೋರಾಗೋಕೆ ಕಾರಣವಾದ ಜೀನ್ ಹುಡುಕುತ್ತಿತ್ತು. ಸಿಕ್ಕಿದ್ದು ಇದೇ ಆಕ್ಸಿಡೇಸ್ ಯಂತ್ರದ ಒಂದು ಭಾಗದ ಜೀನ್. ಯಾವ ಇಲಿಯಲ್ಲಿ ಆಕ್ಸಿಡೆಂಟ್ ಕಡಿಮೆ ತಯಾರಾಗುತ್ತೋ ಅದಕ್ಕೇ ಕೀಲೂತ ಜಾಸ್ತಿ. ಅಂದರೆ ಇಮ್ಯೂನಿಟಿಯ ಸಿಟ್ಟು ಇಳಿಸೋದರಲ್ಲೂ ಇವುಗಳಿಗೆ ಪಾತ್ರ ಇದೆ. ಆಕ್ಸಿಡೆಂಟ್ ಜಾಸ್ತಿ ಆದರೆ ಊತ, ಕಡಿಮೆ ಆದರೆ ಆರೋಗ್ಯ ಅನ್ನೋ ಸರಳ ಲೆಕ್ಕ ಇಲ್ಲಿ ನಡೆಯಲ್ಲ.

ಸಕಲೇಶಪುರ ಕಡೆಯವನು:
ಇಲ್ಲಿ ನಾನು ಬರೆಯಲೇಬೇಕು. ನಮ್ಮಕ್ಕನ ಮಗನಿಗೆ ನೀವು ಹೇಳುತ್ತಿರುವ ಆ ಯಂತ್ರ ಹುಟ್ಟಿನಿಂದಲೇ ಕೆಲಸ ಮಾಡಲ್ಲ. ಕಾಯಿಲೆ ಹೆಸರು ಕ್ರಾನಿಕ್ ಗ್ರ್ಯಾನುಲೋಮ್ಯಾಟಸ್ ಡಿಸೀಸ್, ಸಿಜಿಡಿ ಅಂತಾರೆ. ಬಿಳಿ ರಕ್ತಕಣದ ಎಣಿಕೆ ಎಲ್ಲ ಸರಿಯಾಗಿಯೇ ಇತ್ತು, ಇನ್ನೂ ಜಾಸ್ತಿಯೇ ಇತ್ತು. ಅವು ಹೋಗಿ ಕ್ರಿಮಿ ನುಂಗುತ್ತವಂತೆ, ಆದರೆ ಕೊಲ್ಲೋಕೆ ಆಗಲ್ಲವಂತೆ.

ಪಾಪುವಿಗೆ ಬಿಸಿಜಿ ಹಾಕಿಸಿದ ಮೇಲೆ ಎಡಗಂಕುಳಲ್ಲಿ ಗಡ್ಡೆ ಕಟ್ಟಿ ಒಡೆದು ತಿಂಗಳುಗಟ್ಟಲೆ ಸೋರಿತು. ಆಮೇಲೆ ಕುರು. ಒಂದು ಮಾಗುವಷ್ಟರಲ್ಲಿ ಇನ್ನೊಂದು. ಮಾವಿನಹಣ್ಣು ತಿಂದಿದ್ದಕ್ಕೆ ಉಷ್ಣ ಅಂದರು, ನಂಜು ಅಂದರು, ದೃಷ್ಟಿ ತೆಗೆಸಿದೆವು. ಆಮೇಲೆ ಲಿವರ್‌ನಲ್ಲಿ ಕೀವು ಕಟ್ಟಿತು. ಒಂದು ಕಡೆ ಟಿಬಿ ಅಂತ ಮಾತ್ರೆ ಶುರು ಮಾಡಿದರು.

ಕೊನೆಗೆ ಗೊತ್ತಾಗಿದ್ದು ಹೇಗೆ ಅಂದರೆ, ಕೊಯ್ಲು ಮುಗಿದ ಮೇಲೆ ಪಲ್ಪರ್ ಮನೆ ಹಿಂದೆ ಕಾಫಿ ಸಿಪ್ಪೆ ರಾಶಿ ಹಾಕಿರುತ್ತೀವಲ್ಲ, ಅದಕ್ಕೆ ದರಗು, ಸಗಣಿ ಎಲ್ಲ ಸೇರಿ ಕೊಳೆತು ಕಪ್ಪಾಗಿತ್ತು. ಆಳುಗಳು ಅದನ್ನು ಸನಿಕೆಯಲ್ಲಿ ಕೆದಕಿ ಬುಟ್ಟಿಗೆ ತುಂಬುವಾಗ ಬಿಸಿ ಹಬೆ ಜೊತೆ ಬೂದಿ ಬಣ್ಣದ ಧೂಳು ಏಳುತ್ತೆ. ಇವನು ಆ ರಾಶಿ ಮೇಲೆ ಹತ್ತಿ ಜಾರಿ ಆಡುತ್ತಿದ್ದ. ಜೊತೆಗೆ ಲೈನ್ ಮನೆ ಮಕ್ಕಳೂ ಇದ್ದರು, ಅವರಿಗೆ ಏನೂ ಆಗಲಿಲ್ಲ. ಇವನಿಗೆ ವಾರದೊಳಗೆ ಜ್ವರ, ಒಣ ಕೆಮ್ಮು, ಉಸಿರು ಎಳೆಯೋಕೆ ಆಗುತ್ತಿರಲಿಲ್ಲ. ರಾತ್ರೋರಾತ್ರಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಒಬ್ಬ ಮಕ್ಕಳ ಡಾಕ್ಟರ್ ಅಮ್ಮ ಕೇಳಿದ ಮೊದಲನೇ ಪ್ರಶ್ನೆ, ಗೊಬ್ಬರದ ಗುಂಡಿ ಹತ್ತಿರ ಹೋಗಿದ್ದನಾ ಅಂತ. ಎರಡನೇ ಪ್ರಶ್ನೆ ಬಿಸಿಜಿ ಗಡ್ಡೆ ಬಗ್ಗೆ. ಅಲ್ಲೇ ಟೆಸ್ಟ್ ಮಾಡಿಸಿದರು.

ಈಗ ದಿನಾ ಬ್ಯಾಕ್ಟೀರಿಯಾ ತಡೆಯೋ ಕೋಟ್ರೈಮಾಕ್ಸಝೋಲ್ ಮತ್ತು ಬೂಷ್ಟು ತಡೆಯೋ ಇಟ್ರಕೊನಜೋಲ್ ಕೊಡುತ್ತಿದ್ದೇವೆ, ತಪ್ಪಿಸೋ ಹಾಗಿಲ್ಲ. ಮಗು ಶಾಲೆಗೆ ಹೋಗುತ್ತಾನೆ, ಕ್ರಿಕೆಟ್ ಆಡುತ್ತಾನೆ. ಗೊಬ್ಬರ, ಹುಲ್ಲಿನ ಮೆದೆ, ಕೊಟ್ಟಿಗೆ, ಹಳೇ ಮನೆ ಕೆಡವೋ ಧೂಳು, ಇವುಗಳ ಹತ್ತಿರ ಬಿಡಲ್ಲ. ಆಕ್ಸಿಡೆಂಟ್ ಕೆಟ್ಟದ್ದು ಅಂತ ಯಾರಾದರೂ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತೆ. ಅದು ಒಂದಿಷ್ಟು ಇದ್ದಿದ್ದರೆ ನಮ್ಮ ಮಗು ಇಷ್ಟು ಅನುಭವಿಸುತ್ತಿರಲಿಲ್ಲ.

ಆಲ್ದೂರಿನ ಸೊಸೆ:
ಅಣ್ಣ, ಓದಿ ಮನಸ್ಸು ಭಾರ ಆಯ್ತು. ಮಗು ಚೆನ್ನಾಗಿರಲಿ. ನಮ್ಮ ಮಕ್ಕಳೂ ಅದೇ ಸಿಪ್ಪೆ ರಾಶಿ ಮೇಲೆಯೇ ಆಡೋದು. ಭಯ ಆಗುತ್ತೆ.

ಹಾಸನ ಲ್ಯಾಬ್:
ಭಯ ಬೇಡ ಮೇಡಂ, ಈ ಕಾಯಿಲೆ ಸುಮಾರು ಎರಡು ಲಕ್ಷಕ್ಕೆ ಒಬ್ಬರಿಗೆ ಇರುತ್ತೆ. ಕೊಳೆಯೋ ಎಲೆ, ಸಿಪ್ಪೆಯಲ್ಲಿ ಆಸ್ಪರ್ಜಿಲಸ್ ಅನ್ನೋ ಬೂಷ್ಟು ಇರುತ್ತದೆ. ಅದರ ಬೀಜಕಣ ನಾವೆಲ್ಲ ದಿನಾ ಉಸಿರಾಡುತ್ತೇವೆ, ಬಿಳಿ ರಕ್ತಕಣ ಸದ್ದಿಲ್ಲದೆ ಮುಗಿಸುತ್ತದೆ. ಸಿಜಿಡಿ ಇದ್ದವರಿಗೆ ಒಂದೇ ಸಲ ರಾಶಿ ಬೀಜಕಣ ಒಳಗೆ ಹೋದರೆ ಎರಡೂ ಕಡೆ ಶ್ವಾಸಕೋಶ ಊದಿಕೊಳ್ಳುತ್ತೆ. ಇಲ್ಲೊಂದು ಗಮನಿಸಬೇಕಾದ್ದು ಇದೆ. ಅದಕ್ಕೆ ಬೂಷ್ಟಿನ ಔಷಧಿ ಜೊತೆಗೆ ಊತ ಇಳಿಸೋ ಸ್ಟೀರಾಯ್ಡ್ ಕೂಡ ಕೊಡುತ್ತಾರೆ. ಕೊಲ್ಲೋಕೂ ಆಗದೆ, ಊತ ನಿಲ್ಲಿಸೋಕೂ ಆಗದೆ ಇಮ್ಯೂನಿಟಿ ಒದ್ದಾಡುತ್ತಿರುತ್ತದೆ. ಇದೇ ಕಾರಣಕ್ಕೆ ಈ ಮಕ್ಕಳಿಗೆ ಸೋಂಕು ಇಲ್ಲದೆಯೂ ಕರುಳಿನಲ್ಲಿ ಊತ, ಹುಣ್ಣು ಬರಬಹುದು. ಲುಂಡ್‌ನ ಇಲಿಗಳ ಕಥೆ ಮನುಷ್ಯರಲ್ಲೂ ಕಾಣೋದು ಇಲ್ಲಿ.

ಟೆಸ್ಟ್ ಬಗ್ಗೆ ಹೇಳುತ್ತೇನೆ. ಹಳೇದು ಎನ್‌ಬಿಟಿ. ಹಳದಿ ಬಣ್ಣದ ದ್ರಾವಣದ ಜೊತೆ ರಕ್ತ ಇಟ್ಟು, ಕಣಗಳನ್ನು ಕೆಣಕಿ, ಸ್ಲೈಡ್ ಮಾಡಿ ನೋಡೋದು. ಸರಿ ಇರುವ ನ್ಯೂಟ್ರೋಫಿಲ್ ಒಳಗೆ ಕಡು ನೀಲಿ ಕಪ್ಪು ಚುಕ್ಕೆ ತುಂಬಿಕೊಳ್ಳುತ್ತೆ. ಸಿಜಿಡಿ ಮಗುವಿನ ಕಣಗಳು ಹಾಗೇ ಬಿಳಿಚಿಕೊಂಡು ಕೂತಿರುತ್ತವೆ. ಈಗ ಡಿಎಚ್‌ಆರ್ ಅಂತ ಮಾಡುತ್ತಾರೆ, ಅದರಲ್ಲಿ ಆಕ್ಸಿಡೆಂಟ್ ತಯಾರಾದರೆ ಬಣ್ಣ ಹಸಿರಾಗಿ ಹೊಳೆಯುತ್ತೆ, ಮೆಷಿನ್ ಒಂದೊಂದು ಕಣವನ್ನೂ ಅಳೆದು ಗ್ರಾಫ್ ಕೊಡುತ್ತೆ. ನಮ್ಮ ನಿಮ್ಮದಾದರೆ ಗ್ರಾಫಿನ ಗುಡ್ಡ ಪೂರ್ತಿ ಬಲಕ್ಕೆ, ಅಂದರೆ ಹೊಳಪು ಜಾಸ್ತಿ ಇರುವ ಕಡೆಗೆ ಸರಿಯುತ್ತೆ. ಮಗುವಿನದು ಎಡಕ್ಕೇ ನಿಲ್ಲುತ್ತೆ. ತಾಯಿ ಈ ಯಂತ್ರದ ಕೆಟ್ಟ ಜೀನ್ ಹೊತ್ತಿದ್ದರೆ ಗ್ರಾಫಿನಲ್ಲಿ ಎರಡು ಗುಡ್ಡ ಕಾಣುತ್ತೆ, ಅರ್ಧ ಕಣ ಕೆಲಸ ಮಾಡೋವು, ಅರ್ಧ ಮಾಡದೇ ಇರೋವು. ಆ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ, ಅದಕ್ಕೇ ಗಂಡುಮಕ್ಕಳಲ್ಲಿ ಜಾಸ್ತಿ. ಸೋದರ ಸಂಬಂಧದ ಮದುವೆಗಳಲ್ಲಿ ಬೇರೆ ಜೀನ್‌ಗಳ ಸಿಜಿಡಿಯೂ ಬರುತ್ತೆ, ಅದು ಹೆಣ್ಣುಮಕ್ಕಳಿಗೂ ಬರಬಹುದು.

1950ರ ದಶಕದಲ್ಲಿ ಮೊದಲ ಸಲ ಈ ಕಾಯಿಲೆ ಬಗ್ಗೆ ಬರೆದವರು ಇದನ್ನು ಮಕ್ಕಳ ಜೀವ ತೆಗೆಯೋ ಕಾಯಿಲೆ ಅಂತಲೇ ಕರೆದಿದ್ದರು. ಈಗ ಔಷಧಿ ಸರಿಯಾಗಿ ತೆಗೆದುಕೊಂಡು ದೊಡ್ಡವರಾದವರು ಎಷ್ಟೋ ಜನ ಇದ್ದಾರೆ. ಹೊಂದುವ ದಾನಿ ಸಿಕ್ಕರೆ ಮೂಳೆ ಮಜ್ಜೆ ಕಸಿಯಿಂದ ಪೂರ್ತಿ ವಾಸಿಯೂ ಆಗುತ್ತೆ.

ಕಳಸ ನರ್ಸ್:
ಸಕಲೇಶಪುರದ ಅಣ್ಣನ ಪೋಸ್ಟ್ ಓದಿ ಯಾರೂ ಬಿಸಿಜಿ ಬೇಡ ಅನ್ನಬೇಡಿ. ಮಕ್ಕಳಿಗೆ ಮೆದುಳಿನ ಟಿಬಿ ಬರದ ಹಾಗೆ ಕಾಪಾಡೋದು ಅದು. ಕಂಕುಳಲ್ಲಿ ಸಣ್ಣ ಗಡ್ಡೆ ಬಂದು ತಾನೇ ಹೋಗೋದು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಆದರೆ ಮನೆಯಲ್ಲಿ ಹಿಂದೆ ಗಂಡುಮಗು ಸೋಂಕಿನಿಂದ ತೀರಿಕೊಂಡಿದ್ದರೆ, ಅಥವಾ ಇಂಥ ಕಾಯಿಲೆ ಯಾರಿಗಾದರೂ ಗೊತ್ತಾಗಿದ್ದರೆ, ಹೆರಿಗೆ ವಾರ್ಡಿನಲ್ಲೇ ಬಾಯಿಬಿಟ್ಟು ಹೇಳಿ. ಚುಚ್ಚುವ ಮುಂಚೆ ಡಾಕ್ಟರು ಯೋಚನೆ ಮಾಡುತ್ತಾರೆ.

ಇನ್ನೊಂದು ಮಾತು, ಪೆರಾಕ್ಸೈಡ್ ಹೆಸರು ಬಂದಿದ್ದಕ್ಕೆ. ಕತ್ತಿ ಏಟು, ಜಿಗಣೆ ಕಚ್ಚಿದ ಗಾಯಕ್ಕೆ ತೋಟದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುತ್ತಾರೆ. ಬಿಳಿ ನೊರೆ ಬಂದರೆ ಕ್ರಿಮಿ ಸಾಯುತ್ತಿದೆ ಅಂತ ಖುಷಿ. ಆ ನೊರೆ ನಮ್ಮ ರಕ್ತದಲ್ಲೇ ಇರುವ ಕ್ಯಾಟಲೇಸ್ ಪೆರಾಕ್ಸೈಡನ್ನು ಒಡೆದು ಆಮ್ಲಜನಕ ಬಿಡೋದು. ದಿನಾ ಸುರಿದರೆ ಗಾಯ ಕೂಡಿಕೊಳ್ಳೋಕೆ ಬರುವ ಹೊಸ ಕಣವೂ ಸುಟ್ಟುಹೋಗುತ್ತೆ. ಶುದ್ಧ ನೀರು, ಸೋಪು, ಧನುರ್ವಾಯು ತಡೆಯೋ ಇಂಜೆಕ್ಷನ್. ಅಷ್ಟೇ.

ಮೂಡಿಗೆರೆ ಫಾರ್ಮಸಿ:
ಡಬ್ಬಿ ಮಾರಿದರೆ ನಮಗೇ ಲಾಭ, ಆದರೂ ಹೇಳುತ್ತೇನೆ. ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ದೊಡ್ಡದಾಗಿ ಪರೀಕ್ಷೆ ಮಾಡಿದ್ದಾರೆ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರಿಗೆ ಬೀಟಾ ಕ್ಯಾರೋಟಿನ್, ವಿಟಮಿನ್ ಇ ಕೊಟ್ಟು ವರ್ಷಗಟ್ಟಲೆ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗೋದಿರಲಿ, 18 ಪರ್ಸೆಂಟ್ ಜಾಸ್ತಿ ಆಗಿತ್ತು. ಅಮೆರಿಕದಲ್ಲಿ ಅಂಥದ್ದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. 2009ರಲ್ಲಿ ಜರ್ಮನಿಯವರು ವ್ಯಾಯಾಮ ಮಾಡುವ ಯುವಕರಿಗೆ ದಿನಾ ವಿಟಮಿನ್ ಸಿ, ಇ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಬೇಕಿತ್ತಲ್ಲ, ಮಾತ್ರೆ ತಿಂದವರಿಗೆ ಆ ಲಾಭವೇ ಸಿಗಲಿಲ್ಲ. 2022ರಲ್ಲಿ ಐಸಿಯುನಲ್ಲಿದ್ದ ಸೆಪ್ಸಿಸ್ ರೋಗಿಗಳಿಗೆ ರಕ್ತನಾಳದಲ್ಲೇ ವಿಟಮಿನ್ ಸಿ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಿದ್ದರ ಫಲಿತಾಂಶ ಬಂತು. ಸತ್ತವರು ಮತ್ತು ಅಂಗಾಂಗ ಚೇತರಿಸಿಕೊಳ್ಳದವರು ಸೇರಿ, ಕೊಟ್ಟ ಗುಂಪಿನಲ್ಲಿ 44.5 ಪರ್ಸೆಂಟ್, ಕೊಡದ ಗುಂಪಿನಲ್ಲಿ 38.5.

ವಿಟಮಿನ್ ಸಿ ಬೇಡ ಅಂತ ಅಲ್ಲ. ನ್ಯೂಟ್ರೋಫಿಲ್ ತನ್ನೊಳಗೆ ಅದನ್ನು ತುಂಬಾ ಶೇಖರಿಸಿಕೊಳ್ಳುತ್ತೆ, ತಾನು ಮಾಡಿದ ಆಕ್ಸಿಡೆಂಟಿನಿಂದ ತಾನೇ ಸುಡಬಾರದಲ್ಲ. ಅದಕ್ಕೆ ಬೇಕಾದಷ್ಟು ಊಟದಲ್ಲಿ ಸಿಗುತ್ತೆ. ಬಾಳೂರಿನವರ ನೆಲ್ಲಿಕಾಯಿ ಚಟ್ನಿಗೆ ನನ್ನ ಓಟು.

ಬಾಳೂರು ತೋಟ:
ಕಾಫಿಯಲ್ಲಿ ಆಂಟಿಆಕ್ಸಿಡೆಂಟ್ ಇದೆ ಅಂತ ನಾವೂ ಪ್ಯಾಕೆಟ್ ಮೇಲೆ ಹಾಕುತ್ತೀವಲ್ಲ, ಅದರ ಕಥೆ ಏನು ಸಾರ್?

ಹಾಸನ ಲ್ಯಾಬ್:
ಕ್ಲೋರೋಜೆನಿಕ್ ಆಮ್ಲ ಇದೆ, ಹುರಿದಷ್ಟೂ ಕಡಿಮೆ ಆಗುತ್ತೆ. ಆದರೆ ರಕ್ತಕ್ಕೆ ಸೇರೋದು ಸ್ವಲ್ಪ, ಅದೂ ರೂಪ ಬದಲಾಗಿ. ಅದು ನೇರವಾಗಿ ಹೋಗಿ ಫ್ರೀ ರ್ಯಾಡಿಕಲ್ ಆರಿಸುತ್ತೆ ಅನ್ನೋದಕ್ಕಿಂತ, ನಮ್ಮ ಜೀವಕೋಶದ ಎನ್‌ಆರ್‌ಎಫ್2 ಅನ್ನೋ ಸ್ವಿಚ್ಚನ್ನು ಮೆಲ್ಲಗೆ ಒತ್ತಿ ನಮ್ಮದೇ ಕಿಣ್ವಗಳನ್ನು ಜಾಸ್ತಿ ಮಾಡಿಸುತ್ತೆ ಅನ್ನೋದು ಹೆಚ್ಚು ಒಪ್ಪುವ ಮಾತು. ಕಾಫಿ ರುಚಿಗೆ ಕುಡಿಯಿರಿ.

ಅರಸೀಕೆರೆ ತೆಂಗು:
ನನಗೆ ಶುಗರ್ ಇದೆ. ಕಾಲಿನ ಗಾಯ ಬೇಗ ಮಾಯಲ್ಲ. ಶುಗರ್ ಇದ್ದವರಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಅಂತ ಡಾಕ್ಟರು ಹೇಳಿದರು. ಹಾಗಾದರೆ ಕ್ರಿಮಿ ಬೇಗ ಸಾಯಬೇಕಿತ್ತಲ್ವಾ?

ಹಾಸನ ಲ್ಯಾಬ್:
ಒಳ್ಳೇ ಪ್ರಶ್ನೆ ಅಣ್ಣ. ಶುಗರ್ ಹೆಚ್ಚಿದ್ದಾಗ ಆಕ್ಸಿಡೆಂಟ್ ತಪ್ಪು ಜಾಗದಲ್ಲಿ ತಯಾರಾಗುತ್ತೆ. ರಕ್ತನಾಳದ ಒಳಗೋಡೆಯಲ್ಲಿ, ನರದಲ್ಲಿ, ಹಗಲು ರಾತ್ರಿ ಸಣ್ಣಗೆ ಆಗುತ್ತಲೇ ಇರುತ್ತೆ. ಆದರೆ ಗಾಯದ ಹತ್ತಿರ ನಿಜವಾಗಲೂ ಕ್ರಿಮಿ ಸಿಕ್ಕಾಗ ನ್ಯೂಟ್ರೋಫಿಲ್ ಜೋರಾಗಿ ಸಿಡಿಯಬೇಕಲ್ಲ, ಆ ಸಿಡಿತ ಮಂಕಾಗುತ್ತೆ. ಆ ಆಕ್ಸಿಡೇಸ್ ಯಂತ್ರಕ್ಕೆ ಎನ್‌ಎಡಿಪಿಎಚ್ ಅನ್ನೋ ಇಂಧನ ಬೇಕು. ಜಾಸ್ತಿ ಇರುವ ಸಕ್ಕರೆಯನ್ನು ಬೇರೆ ದಾರಿಯಲ್ಲಿ ಕರಗಿಸೋಕೆ ಅದೇ ಎನ್‌ಎಡಿಪಿಎಚ್ ಖರ್ಚಾಗುತ್ತೆ ಅನ್ನೋದು ಒಂದು ಕಾರಣ. ಇದಕ್ಕೆ ಪುಡಿ ಪರಿಹಾರ ಅಲ್ಲ, ಶುಗರ್ ಹಿಡಿತಕ್ಕೆ ತರೋದೇ ಪರಿಹಾರ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ, ಗಾಯ ಇದ್ದರೆ ತಡ ಮಾಡದೆ ತೋರಿಸಿ.

ಆಲ್ದೂರಿನ ಮೇಡಂಗೆ ಒಂದು ಪ್ರಶ್ನೆ. ಅತ್ತೆ ಬಚ್ಚಲ ಒಲೆ ಮುಂದೆ ಕೂರುತ್ತಾರಾ?

ಆಲ್ದೂರಿನ ಸೊಸೆ:
ಹೌದು ಸಾರ್. ಬೆಳಿಗ್ಗೆ ಎದ್ದ ಕೂಡಲೇ ಹಂಡೆಗೆ ಉರಿ ಹಾಕೋದು ಅವರೇ. ಮಳೆಗಾಲದಲ್ಲಿ ಹಸಿ ಸೌದೆ, ಬಚ್ಚಲು ತುಂಬಾ ಹೊಗೆ.

ಹಾಸನ ಲ್ಯಾಬ್:
ಹಾಗಾದರೆ ಹೊರಗಿಂದ ಬರುವ ಆಕ್ಸಿಡೆಂಟ್ ಅಲ್ಲಿದೆ ಮೇಡಂ. ಸೌದೆ ಹೊಗೆ, ಬೀಡಿ ಹೊಗೆ ಎರಡರಲ್ಲೂ ಇರುತ್ತೆ. ಶ್ವಾಸಕೋಶವನ್ನು ನಮ್ಮದೇ ಬಿಳಿ ರಕ್ತಕಣದ ಕಿಣ್ವಗಳಿಂದ ಕಾಪಾಡೋಕೆ ಆಲ್ಫಾ 1 ಆಂಟಿಟ್ರಿಪ್ಸಿನ್ ಅನ್ನೋ ಪ್ರೋಟೀನ್ ಇದೆ. ಹೊಗೆಯ ಆಕ್ಸಿಡೆಂಟ್ ಅದರ ಒಂದು ಮುಖ್ಯ ಜಾಗವನ್ನೇ ಕೆಡಿಸುತ್ತೆ. ಕಾವಲು ಹೋದ ಮೇಲೆ ಶ್ವಾಸಕೋಶದ ಗೂಡುಗಳು ಸವೆಯುತ್ತವೆ. ಪುಡಿಯ ದುಡ್ಡಿನಲ್ಲಿ ಒಂದು ಹೊಗೆ ಕೊಳವೆ ಹಾಕಿಸಿ, ಇಲ್ಲ ಗೀಸರ್ ತನ್ನಿ. ಡಾಕ್ಟರ ಹತ್ತಿರ ನ್ಯುಮೋಕಾಕಲ್ ಲಸಿಕೆ ಮತ್ತು ಫ್ಲೂ ಲಸಿಕೆ ಬಗ್ಗೆ ಕೇಳಿ. ಶುಗರ್ ಒಮ್ಮೆ ನೋಡಿಸಿ. ಸುಸ್ತಿಗೆ ಮೊಟ್ಟೆ, ಬೇಳೆ, ಸೊಪ್ಪು ಕೊಡಿ. ನ್ಯುಮೋನಿಯಾ ಆದಮೇಲೆ ಆ ವಯಸ್ಸಿನಲ್ಲಿ ಚೇತರಿಸಿಕೊಳ್ಳೋಕೆ ತಿಂಗಳುಗಳೇ ಬೇಕು.

ಆಲ್ದೂರಿನ ಸೊಸೆ:
ಆಯ್ತು ಸಾರ್. ಹಸಿರು ಕಫದ ಮಾತು ಓದಿ ಹೇಳಿದೆ, ಅತ್ತೆ ಕಿವಿಗೊಟ್ಟು ಕೇಳಿದರು. ಪುಡಿ ವಾಪಸ್ ಕೊಡುತ್ತೇವೆ.

ಕೊಪ್ಪದ ಚಿಕ್ಕಮ್ಮ:
ಸಾರ್, ನಮ್ಮ ಭಾವನ ಮೊಮ್ಮಗನಿಗೆ ಪದೇ ಪದೇ ಕುರು, ಕುತ್ತಿಗೆಯಲ್ಲಿ ಗಡ್ಡೆ, ಎರಡು ಸಲ ಆಪರೇಷನ್ ಮಾಡಿ ಕೀವು ತೆಗೆದಿದ್ದಾರೆ. ಮಕ್ಕಳ ಡಾಕ್ಟರು ಆ ಡಿಎಚ್‌ಆರ್ ಬರೆದುಕೊಟ್ಟಿದ್ದಾರೆ. ರಕ್ತ ಇಲ್ಲೇ ತೆಗೆಸಿ ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಬಹುದಾ?

ಹಾಸನ ಲ್ಯಾಬ್:
ಆದಷ್ಟು ಮಗುವನ್ನೇ ಕರೆದುಕೊಂಡು ಹೋಗಿ ಅಮ್ಮ. ಜೀವಂತ ನ್ಯೂಟ್ರೋಫಿಲ್ ಬೇಕು, ಅವು ಹೊರಗೆ ಜಾಸ್ತಿ ಹೊತ್ತು ಬದುಕಲ್ಲ. ಕಳಿಸಲೇಬೇಕು ಅಂದರೆ ಒಂದು ದಿನದೊಳಗೆ ಲ್ಯಾಬ್ ಮುಟ್ಟಬೇಕು, ಐಸ್ ಮೇಲೆ ಇಡಬಾರದು. ಜೊತೆಗೆ ಆರೋಗ್ಯವಾಗಿರುವ, ನೆಂಟಸ್ತಿಕೆ ಇಲ್ಲದ ಒಬ್ಬರ ರಕ್ತವನ್ನೂ ಅದೇ ಹೊತ್ತಿಗೆ ತೆಗೆದು ಅದೇ ಡಬ್ಬಿಯಲ್ಲಿ ಕಳಿಸಬೇಕು. ದಾರಿಯಲ್ಲಿ ಕೆಟ್ಟಿದ್ದರೆ ಎರಡೂ ಕೆಟ್ಟಿರುತ್ತೆ, ಆಗ ತಪ್ಪು ರಿಪೋರ್ಟ್ ಬರಲ್ಲ. ತಾಯಿಯ ರಕ್ತವನ್ನೂ ನೋಡುತ್ತಾರಾ ಅಂತ ಕೇಳಿ. ಯಾವ ಟ್ಯೂಬು, ಯಾವ ವಾರ ಟೆಸ್ಟ್ ಹಾಕುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಶನಿವಾರ ಸಂಜೆ ಮುಟ್ಟಿದರೆ ಸೋಮವಾರದವರೆಗೆ ಹಾಗೇ ಕೂತು ರಕ್ತ ಹಾಳಾಗುತ್ತೆ. ರಿಪೋರ್ಟ್ ಬರುವ ತನಕ ಮಗುವನ್ನು ಗೊಬ್ಬರದ ಗುಂಡಿ ಹತ್ತಿರ ಬಿಡಬೇಡಿ.